ತುರುವನೂರಿನ ಆಟಗಾರ್ತಿ

ಆ ಭಾನುವಾರ ತಾಳ್ಯದ ಸೋದರಮಾವನ ಮನೆ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಾ ಕುಂತಿದ್ದವರು ಮಾವ, ಅತ್ತೆ, ಹೊಳಲ್ಕೆರೆಯಲ್ಲಿ ಮೇಷ್ಟ್ರಾಗಿರುವ ಅವರ ಮಗ, ಮತ್ತೆ ನಾನು. ಮೇಷ್ಟ್ರ ಫೋನಿನಲ್ಲಿ ಎಲ್ಲಿಯದೋ ಚೆಸ್ ಪಂದ್ಯ ನಡೆದಿತ್ತು. ಇವತ್ತಿನ ತನಕ ಆಡಿದವರಲ್ಲಿ ಎಲ್ಲರಿಗಿಂತ ದೊಡ್ಡ ಆಟಗಾರ ಯಾರು ಅನ್ನೋ ಮಾತು ಎದ್ದದ್ದೇ ತಡ, ಶೇಂಗಾ ಸುಲಿಯೋದು ನಿಂತೇ ಹೋಯಿತು.

"ರಷ್ಯಾದವರ ಮುಂದೆ ಯಾರೂ ಇಲ್ಲ," ಅಂದ ಮಾವ.

"ನಿನ್ನ ರಷ್ಯಾದವರನ್ನ ಈಗಿನ ನಾರ್ವೆಯವನು ಕಾಫಿ ಆರೋದರೊಳಗೆ ಮುಗಿಸ್ತಾನೆ," ಅಂದರು ಮೇಷ್ಟ್ರು.

ನಾನು ಮದ್ರಾಸಿನವರ ಪರ ಬಾಯಿ ಹಾಕಿದೆ. "ನೀನು ಸುಮ್ನಿರಲೇ, ಹತ್ತಿರದೂರು ಅಂತ ವೋಟು ಹಾಕೋನು!" ಅಂತ ಮಾವ ಗದರಿದ.

ಅತ್ತೆ ಮೊರದ ಸಿಪ್ಪೆ ಊದಿ, "ನಮ್ಮಕ್ಕ," ಅಂದಳು. "ತುರುವನೂರಾಕೆ."

ಎಲ್ಲರೂ ನಕ್ಕುಬಿಟ್ಟೆವು. "ಆಕೆ ರಷ್ಯಾದವರ ಜೊತೆ ಯಾವಾಗ ಆಡಿದ್ಲಪ್ಪ?" ಅಂದ ಮಾವ.

"ಅವರು ಬಂದಿದ್ರೆ ಆಡ್ತಿದ್ಲು. ಅವರಿಗೆ ರಾಜನ್ನ ಹಾರ್ಸೋಕೆ ಬರ್ತೈತಾ?"

ಅಕ್ಕತಂಗಿಯರದು ಅವರಜ್ಜ ಕಲಿಸಿದ ಹಳೇ ಚದುರಂಗ. ಅದರಲ್ಲಿ ಕಾಲಾಳು ಯಾವತ್ತೂ ಒಂದೇ ಮನೆ ನಡೀಬೇಕು, ಈಗಿನ ಚೆಸ್ಸಿನ ಹಾಗೆ ಮೊದಲ ಸಲ ಎರಡು ಮನೆ ಹೋಗೋ ಹಾಗಿಲ್ಲ. ರಾಜ ಮಾತ್ರ, ಶಹ ಅಂದರೆ ಚೆಕ್ ಬೀಳೋ ಮುಂಚೆ, ಒಂದು ಸಲ ಕುದುರೆ ಹಾಗೆ ಹಾರಬಹುದು. ನಮಗ್ಯಾರಿಗೂ ಅದು ಕೈಗೆ ಹತ್ತಲಿಲ್ಲ. ಅಕ್ಕ ಸೊಂಟ ಮುರಿದುಕೊಂಡ ಮೇಲೆ ಇತ್ತ ಬಂದಿರಲಿಲ್ಲ. ಅತ್ತೆಗೋ ಬಸ್ಸು ಹತ್ತಿದರೆ ವಾಂತಿ.

"ಫೋನಲ್ಲಿ ಉಂಡ್ಯಾ ಅಂತ ಕೇಳಬೌದು," ಅಂದಳು ಅತ್ತೆ, ಮೊರ ನೋಡುತ್ತಾ. "ಒಂದಾಟ ಸಿಕ್ಕಿದ್ರೆ ಸಾಕಿತ್ತು ನನಗೆ."

ನಮ್ಮ ನಗು ಅಲ್ಲಿಗೇ ಇಂಗಿತು. "ನನ್ನ ಕಾರೈತಲ್ಲ, ಹೋಗಾಣ ಬಾ," ಅಂದೆ.

ಮುಂದಿನ ವಾರ ಕಿಟಕಿಗಳನ್ನೆಲ್ಲ ಇಳಿಸಿ, ಚಿತ್ರದುರ್ಗ ದಾಟಿ, ಅಲ್ಲಲ್ಲಿ ನಿಲ್ಲಿಸಿಕೊಂಡು ತುರುವನೂರಿಗೆ ಹೋದೆವು. ಅಕ್ಕ ಮಂಚದ ಮೇಲೆ ಆಗಲೇ ಚದುರಂಗದ ಪಟ ಹಾಸಿಕೊಂಡು ಕುಂತಿದ್ದಳು. ಕ್ಷೇಮಸಮಾಚಾರವೂ ಸರಿಯಾಗಿ ಆಗಲಿಲ್ಲ. ಅಕ್ಕ ಮೊದಲ ಕಾಲಾಳನ್ನು ಎತ್ತಿ ಎರಡು ಮನೆ ಮುಂದಿಟ್ಟಳು.

ಅತ್ತೆಯ ಮುಖ ಇಳಿದುಹೋಯಿತು. "ಇದ್ಯಾರೇ ಕಲಿಸಿದ್ರು ನಿನಗೆ?"

"ಮೊಮ್ಮಗಳು ಕಣೆ. ಅವಳಿಗೆ ನಮ್ಮಾಟ ಬರಲ್ಲ. ನೀನು ಬರಲಿಲ್ಲ. ಇನ್ಯಾರ ಜತೆ ಆಡ್ಲಿ ಹೇಳು?"

ಅತ್ತೆ ಅಕ್ಕನ ಕಾಲಾಳನ್ನು ಬೆರಳಲ್ಲಿ ಮೆಲ್ಲಗೆ ಒಂದು ಮನೆ ಹಿಂದಕ್ಕೆ ತಳ್ಳಿದಳು. "ನನ್ನ ಜತೆ ಒಂದೇ ಮನೆ."

ಹೊತ್ತಿಳಿದ ಮೇಲೆ ಮಾವ ಹೊರಡಾಣ ಅಂದ. ಅತ್ತೆ ತಲೆ ಎತ್ತಲಿಲ್ಲ. "ನೀವು ನಡೀರಿ," ಅಂದಳು.

ನಾವು ಆಕೆಯನ್ನು ಅಲ್ಲೇ ಬಿಟ್ಟು ತಾಳ್ಯಕ್ಕೆ ಬಂದೆವು.