ನಿಂಗಪ್ಪನ ಎಂಬತ್ತನಾಲ್ಕು ಬೈಠಕ್

ನಿಂಗಪ್ಪನ ಬೈಠಕ್‌ಗಳನ್ನು ನಾನು ಕದ್ದೆ. ಮೊದಲ ದಿನ ಆರು, ಕೊನೆಯ ದಿನ ಎಂಬತ್ತನಾಲ್ಕು. ಏಳು ವಾರ, ಒಂದು ದಿನವೂ ತಪ್ಪದೆ — ಗೊತ್ತಿದ್ದೇ ಕದ್ದೆ.

೧೯೬೧ರ ಮಾತು. ನನಗಾಗ ಹತ್ತೊಂಬತ್ತು. ಹುಬ್ಬಳ್ಳಿ ಕಮರಿಪೇಟೆಯ ನಮ್ಮ ಗರಡಿಯಲ್ಲಿ ಬೈಠಕ್ ಹೊಡೆಯುವವನು, ಅಂದರೆ ಕೂತು ಎದ್ದು ಸಾಮು ಮಾಡುವವನು, ತಾನೇ ಎಣಿಸುವಂತಿರಲಿಲ್ಲ. ಎಣಿಸಿದರೆ ದಮ್ಮು ಒಡೆಯುತ್ತದೆ ಎನ್ನುತ್ತಿದ್ದರು. ಜೋಡಿಯವನು ಎದುರು ನಿಂತು ಗಟ್ಟಿಯಾಗಿ ಎಣಿಸಬೇಕು. ತಡೆಯಿಲ್ಲದೆ ಐನೂರು ಮುಗಿಸಿದವನನ್ನು ಮಾತ್ರ ವಸ್ತಾದ ಹುಸೇನಸಾಬರು ಕುಸ್ತಿಯ ಮಣ್ಣಿಗೆ ಇಳಿಸುತ್ತಿದ್ದರು. ಎಲ್ಲದಕ್ಕೂ ತಾರೀಖು ಹಾಕಿ ಬರೆದಿಡುವ ನನ್ನನ್ನು ಅವರು ‘ಗುಮಾಸ್ತಾ’ ಎಂದೇ ಕರೆಯುತ್ತಿದ್ದರು.

ನನ್ನ ಜೋಡಿ ನಿಂಗಪ್ಪ ಮುಗದ ಎಂಬ ಹಳ್ಳಿಯವನು. ಅಕ್ಕನ ಮನೆಯಲ್ಲಿದ್ದು ಹೊಲಿಗೆ ಕಲಿಯುತ್ತಿದ್ದ. ಚಿಕ್ಕಂದಿನಲ್ಲಿ ಬಂದ ವಿಷಮಜ್ವರದಿಂದ ಅವನ ಕಾಲು ಸಣಕಲು. ಮನೆಯವರೇ ‘ಕಡ್ಡಿಕಾಲ’ ಎನ್ನುತ್ತಿದ್ದರು. ಒಮ್ಮೆ ಮಣ್ಣಿಗಿಳಿದು ಆ ಹೆಸರು ಕಳೆದುಕೊಳ್ಳಬೇಕು — ಅವನಿಗಿದ್ದ ಆಸೆ ಅದೊಂದೇ.

ನಾನೋ ನಾನೂರಾ ಮೂವತ್ತಕ್ಕೆ ನಿಂತುಬಿಟ್ಟಿದ್ದೆ. ಅಲ್ಲಿಗೆ ಬರುತ್ತಲೇ ಒಳಗಿನಿಂದ ಒಂದು ಧ್ವನಿ: ‘ನಿನ್ನಿಂದ ಆಗೂದಿಲ್ಲ, ಕೂಡು.’ ನಾನು ಕೂತುಬಿಡುತ್ತಿದ್ದೆ. ಜುಲೈ ಮೊದಲ ವಾರ ನಿಂಗಪ್ಪ ನಾನೂರಾ ಇಪ್ಪತ್ತೈದಕ್ಕೆ ಬಂದ. ಮರುದಿನ ಎಣಿಸುವಾಗ ನನ್ನ ನಾಲಿಗೆ — ‘ಅರವತ್ತೆಂಟು, ಅರವತ್ತೊಂಬತ್ತು, ಅರವತ್ತೆಂಟು, ಅರವತ್ತೊಂಬತ್ತು…’ ಏದುಸಿರಿನಲ್ಲಿದ್ದ ಅವನಿಗೆ ಗೊತ್ತಾಗಲಿಲ್ಲ. ಆಮೇಲೆ ಅವನು ಏರಿದಷ್ಟನ್ನೂ ನಾನು ನುಂಗಿದೆ.

ಆದರೆ ದಿನಚರಿಯಲ್ಲಿ ಸುಳ್ಳು ಬರೆಯಲು ಕೈ ಬರಲಿಲ್ಲ. ಎಡಕ್ಕೆ ಅವನು ಹೊಡೆದದ್ದು, ಬಲಕ್ಕೆ ನಾನು ಹೇಳಿದ್ದು. ಆಗಸ್ಟ್ ೨೦ರ ಪುಟದಲ್ಲಿ ಎಡಕ್ಕೆ ೫೧೧, ಬಲಕ್ಕೆ ೪೨೭.

ಅಂದು ಅವನು ಗೋಡೆ ಹಿಡಿದು ನಿಂತು ಕೇಳಿದ, “ಎಷ್ಟಾತೋ?”

“ನಾನೂರಾ ಇಪ್ಪತ್ತೇಳು.”

“ಏಳ ವಾರದಿಂದ ಅಷ್ಟs ನೋಡು. ಕಡ್ಡಿಕಾಲ ಅಂತ ಅವ್ವ ಸುಳ್ಳ ಅಂದಿಲ್ಲ, ಬಿಡು.”

ಆ ಕ್ಷಣ ನಾನು ಬಾಯಿ ಬಿಡಬಹುದಿತ್ತು — ಬಿಡಲಿಲ್ಲ. ಅವನು ಗರಡಿ ಬಿಟ್ಟ, ತಿಂಗಳೊಳಗೆ ಹೊಲಿಗೆಯನ್ನೂ ಬಿಟ್ಟು ಊರಿಗೆ ಹೋದ. ನನ್ನನ್ನು ಕೂರಿಸುತ್ತಿದ್ದ ಧ್ವನಿಯನ್ನು ನಾನೇ ಅವನ ಕಿವಿಗೆ ದಾಟಿಸಿದ್ದೆ.

ನಾಲ್ಕು ವರ್ಷ ನಾನೂ ನಾನೂರಾ ಮೂವತ್ತು ದಾಟಲಿಲ್ಲ. ೧೯೬೫ರ ಒಂದು ಬೆಳಿಗ್ಗೆ ದಿನಚರಿ ತಿರುವುತ್ತಿದ್ದಾಗ ಆ ಎರಡು ಅಂಕಿ ಕಣ್ಣಿಗೆ ಬಿದ್ದವು. ಕಡ್ಡಿಕಾಲು ಐನೂರಾ ಹನ್ನೊಂದು ಹೊಡೆದಿತ್ತು, ಅವನ ಕಿವಿ ನಂಬಿದ್ದು ನಾನು ಹೇಳಿದ ಲೆಕ್ಕವನ್ನು. ಹಾಗಾದರೆ ನನ್ನ ಕಿವಿ ಇಷ್ಟು ವರ್ಷ ನಂಬಿದ್ದು ಯಾರ ಲೆಕ್ಕವನ್ನು? ಅಂದು ವಸ್ತಾದರಿಗೇ ಎಣಿಸಲು ಹೇಳಿದೆ. ನನ್ನೊಳಗಿನ ಧ್ವನಿ ಸುಮ್ಮನಾಗಲಿಲ್ಲ, ಅದು ಒಂದು ಮಾತು ಮುಗಿಸುವಷ್ಟರಲ್ಲಿ ನಾನು ಒಂದು ಬೈಠಕ್ ಮುಗಿಸುತ್ತಿದ್ದೆ. ಐನೂರಾ ಮೂರು. ವಸ್ತಾದರು ಬೆನ್ನು ತಟ್ಟಿ ಮಣ್ಣಿನ ಕಡೆ ಕೈ ತೋರಿಸಿದರು. ನನಗೆ ಇಳಿಯಲಾಗಲಿಲ್ಲ.

ಆ ಭಾನುವಾರ ದಿನಚರಿ ಹಿಡಿದು ಮುಗದಕ್ಕೆ ಹೋದೆ. ಆಗಸ್ಟ್ ೨೦ರ ಪುಟ ತೆರೆದು ಎಡ ಯಾವುದು, ಬಲ ಯಾವುದು ಎಂದು ಹೇಳಿದೆ. ನಿಂಗಪ್ಪ ಎಡಗಡೆಯ ಅಂಕಿಯ ಮೇಲೆ ಬೆರಳಿಟ್ಟ.

“ಅಂದ್ರ, ಅವತ್ತ ನಂದು ಆಗಿತ್ತು?”

“ಆಗಿತ್ತು.”

“ನಾಲ್ಕ ವರ್ಷ ನಾ ಈ ಕಾಲಿಗೆ ಬೈದೇನಲೇ.” ಪುಸ್ತಕ ಮುಚ್ಚಿ ನನ್ನ ಎದೆಗೆ ಒತ್ತಿದ. “ಚಾ ಕುಡದ ಹೋಗು. ಹಂಗs ಹೋದರ ಅವ್ವ ನನ್ನ ಕೇಳ್ತಾಳ.”

ಚಹಾ ಬಂತು. ಕುಡಿದೆ.

ಮುಂದಿನ ಫೆಬ್ರವರಿಯಲ್ಲಿ ಅವನು ತಾನಾಗಿ ಗರಡಿಗೆ ಬಂದ. ಹಿತ್ತಲಲ್ಲಿ ಇಪ್ಪತ್ತರಿಂದ ಮತ್ತೆ ಶುರು ಮಾಡಿದ್ದನಂತೆ. “ದಿನಾ ಸಾಕಾದಾಗ ನಿನ್ನ ದನಿ ಕೇಳತಿತ್ತು. ನಿನಗ ಬೈಕೋಂತ ಇನ್ನೊಂದ ಹೊಡೀತಿದ್ದೆ,” ಎಂದ.

ವಸ್ತಾದರು ಕೂಗಿದರು, “ಏ ಗುಮಾಸ್ತಾ, ನಿನ್ನ ಜೋಡಿ ಬಂದಾನ, ಎಣಸ ಬಾ.”

“ಬ್ಯಾಡ್ರಿ ವಸ್ತಾದ, ನೀವs ಎಣಸ್ರಿ. ಅವಗ ಎಣಿಕಿ ಬರೂದಿಲ್ಲ,” ಎಂದ ನಿಂಗಪ್ಪ.

ಗರಡಿಯೆಲ್ಲ ನಕ್ಕಿತು. ಗುಮಾಸ್ತನಿಗೆ ಎಣಿಕೆ ಬರುವುದಿಲ್ಲವಂತೆ! ನಾನೂ ನಕ್ಕಂತೆ ಮಾಡಿ ಗೋಡೆಗೆ ಒರಗಿ ನಿಂತೆ. ಮುನ್ನೂರಾಯಿತು, ನಾನೂರಾಯಿತು. ನಾನೂರಾ ಇಪ್ಪತ್ತೇಳಕ್ಕೆ ಅವನು ಒಂದು ಸಲ ನನ್ನತ್ತ ನೋಡಿ ಹಾಗೆಯೇ ಕೂತೆದ್ದ. ಐನೂರು ದಾಟಿದಾಗ ಎಲ್ಲರೂ ಕೂಗತೊಡಗಿದರು. ಐನೂರಾ ಅರವತ್ತೆರಡಕ್ಕೆ ತಾನೇ ನಿಂತ; ಆ ಕಾಲುಗಳು ನಡುಗುತ್ತಲೇ ಮಣ್ಣಿಗಿಳಿದವು. ವಸ್ತಾದರು ಒಂದು ಮುಷ್ಟಿ ಮಣ್ಣು ಅವನ ತಲೆಗೆ ಸುರಿದರು. ನಾನು ಅಳುತ್ತಿದ್ದೆ — ಸಂತೋಷಕ್ಕೆ, ಖಂಡಿತ ಸಂತೋಷಕ್ಕೆ, ಮತ್ತು…

ಅಂದು ನಕ್ಕವರಿಗೆ ಅದು ಚೇಷ್ಟೆ. ಅವನು ಮುಚ್ಚಿದ್ದು ನನ್ನ ಮಾನ ಎಂದು ನಮ್ಮಿಬ್ಬರಿಗೇ ಗೊತ್ತು. ಈ ಶನಿವಾರ ಗರಡಿಯ ಮಣ್ಣಿನ ಅಂಚಿನಲ್ಲಿ ನಿಂತು, ಇದನ್ನೆಲ್ಲ ಬರೆದ ಈ ಹಾಳೆಯನ್ನು ಎಲ್ಲರ ಮುಂದೆ ಓದುತ್ತೇನೆ. ನಿಂಗಪ್ಪ ಬೇಡ ಎಂದರೂ ಓದುತ್ತೇನೆ.