ಜಿಂಕ್ ಕಡಿಮಿ ಆಗೈತ್ರಿ

ಗಣೇಶಗುಡಿಯ ಫಾರೆಸ್ಟ್ ಗಾರ್ಡ್ ಒಬ್ಬರು ತಮ್ಮ ನಾಯಿಯನ್ನು ನನ್ನ ದವಾಖಾನೆಗೆ ತಂದಿದ್ದರು. ಅದರ ಕಣ್ಣು, ಮೂತಿಯ ಸುತ್ತ ಹಕ್ಕಳೆ ಕಟ್ಟಿತ್ತು. ದಿನವೂ ಬರೀ ರೊಟ್ಟಿಯೇ ಊಟವಂತೆ.

"ಇದಕ್ಕ ಜಿಂಕ್ ಕಡಿಮಿ ಆಗೈತ್ರಿ. ದಿನಾ ಸ್ವಲ್ಪ ತಿನ್ನಸ್ರಿ," ಎಂದೆ.

ಖಾಕಿ ಅಂಗಿಯ ಮನುಷ್ಯ ಎದ್ದೇ ನಿಂತರು. "ಜಿಂಕಿ ಕಾಯೂದ ನನ್ನ ಕೆಲಸ. ನಾನ ತಿನ್ನಸ್ಲೇನ್ರಿ?"

"ಜಿಂಕಿ ಅಲ್ರೀ, ಜಿಂಕ್! ಕನ್ನಡದಾಗ ಸತು ಅಂತಾರ."

"ಸತ್ತದ್ದು ತಿನ್ನಿಸಿದ್ರೂ ಕೇಸ್ ಆಗತೈತ್ರಿ, ಸಾಹೇಬ್ರ!"

ಕೊನೆಗೆ ಗುಳಿಗೆಯನ್ನೇ ಅವರ ಅಂಗೈಯಲ್ಲಿಟ್ಟೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ತಿಂಗಳಾದ ಮೇಲೆ ದಾಂಡೇಲಿ ಬಸ್ಸಿನಲ್ಲಿದ್ದಾಗ ಅವರ ಫೋನ್ ಬಂತು. ಗದ್ದಲಕ್ಕೆ ಕೇಳಿಸದೆ ಸ್ಪೀಕರ್ ಹಾಕಿದೆ.

"ಸಾಹೇಬ್ರ, ನಾಯಿ ಮೂತಿ ಲಕಲಕ ಅನ್ನಾಕತ್ತೈತಿ. ನೀವು ಕೊಟ್ಟ ಜಿಂಕಿ ಖಾಲಿ ಆತ್ರಿ, ಇನ್ನಷ್ಟು ಬೇಕಿತ್ತು!"

ಇಡೀ ಬಸ್ಸು ನನ್ನ ಕಡೆ ತಿರುಗಿತು. ಕಂಡಕ್ಟರ್ ಮಾತ್ರ ನನ್ನ ಬ್ಯಾಗನ್ನೇ ನೋಡುತ್ತಿದ್ದ.