ಸಿಂಬಿ ಇಲ್ಲದ ಹೆಂಗಸು

ನಿಗಡಿಯ ಕನ್ನಡ ಶಾಲೆಯ ಮೂರನೇ ಇಯತ್ತೆಯ ಮಕ್ಕಳಿಗೆ ಚಿತ್ರ ತೋರಿಸಿ ಗುಣ ಕಲಿಸಲು ಹೋಗಿದ್ದೆ. ಅಂದಿನ ಗುಣ, ಶ್ರಮಕ್ಕೆ ಗೌರವ. ಚಿತ್ರ ನಾನೇ ಬರೆದದ್ದು: ಇಟ್ಟಿಗೆ ಬುಟ್ಟಿ ಹೊತ್ತು ನಗುವ ಹೆಂಗಸು. ದೇಶದೇಶದ ಮ್ಯೂಸಿಯಂ ಸುತ್ತಿದವಳೆಂಬ ಜಂಬ ಬೇರೆ.

"ಗೌರವ ಬಂತಾ?" ಎಂದೆ. ಎಲ್ಲರೂ ಬಂತೆಂದರು. ಗಾರೆ ಕೆಲಸದವಳ ಮಗಳು ಭಾಗ್ಯಶ್ರೀ ಮಾತ್ರ ಎದ್ದು ನಿಂತಳು.

"ತಲಿ ಮ್ಯಾಲ ಅರಿವಿ ಸಿಂಬಿನೇ ಇಲ್ಲಲ್ರಿ. ನಮ್ಮವ್ವ ಹಿಂಗ ಹೊತ್ರ ನೆತ್ತಿ ಕಿತ್ತು ಬರ್ತದ."

ಕ್ಲಾಸ್ ಟೀಚರ್ ಗದರಿದರು: "ಮೇಡಮ್ಮರಿಗೆ ಸಾರಿ ಅನ್ನು! ಇಲ್ಲಾಂದ್ರ ನಿನ್ನ ವಿನಯದ ಸ್ಟಾರ್ ಕೀಳ್ತೀನಿ."

ಗೋಡೆಯ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಇದ್ದದ್ದೇ ಆ ಒಂದು ಸ್ಟಾರ್.

"ಇರಲಿ ಬಿಡ್ರಿ, ತಪ್ಪು ನಂದು" ಎಂದು ಸ್ಕೆಚ್ ಪೆನ್ನಿನಿಂದ ಬುಟ್ಟಿಯ ಕೆಳಗೆ ಸುತ್ತಿದ ಬಟ್ಟೆಯ ಸಿಂಬಿ ಬರೆದೆ.

"ಈಗ ಛಲೋ ಆತ್ರಿ. ಆದ್ರ ಅಕಿ ಯಾಕ ನಗಾಕತ್ತಾಳ್ರಿ?"

ಅಷ್ಟರಲ್ಲಿ ಗಂಟೆ ಹೊಡೆಯಿತು. ಶಾಲೆಯ ಗಂಟೆ ಅಷ್ಟು ಇಂಪಾಗಿ ನನಗೆ ಎಂದೂ ಕೇಳಿಸಿರಲಿಲ್ಲ.